ಮಂಜುಗಡ್ಡೆಯ ಅಂಗಣದಲ್ಲಿ ಒಂದು ಕ್ರೀಡಾಋತು

ಹಾಕಿ ಎಂದೊಡನೆ ಕನ್ನಡ ನಾಡಿನವರ ಕಣ್ಣ ಮುಂದೆ ನಿಲ್ಲುವುದು ಕೊಡಗಿನ ಮೈದಾನ, ಬಾಗಿದ ಕೋಲು, ಪುಟಿಯುವ ಚೆಂಡು. ಉತ್ತರ ಅಮೆರಿಕದ ಶೀತಪ್ರದೇಶಗಳಲ್ಲಾದರೋ ಆ ಮಾತಿಗೆ ಮಂಜುಗಡ್ಡೆಯ ಮೇಲಣ ಆಟವೆಂದೇ ಅರ್ಥ. ಅಮೆರಿಕದ ಈಶಾನ್ಯ ಭಾಗದ ಕಾಲೇಜು ವಿದ್ಯಾರ್ಥಿನಿಯರು 2019–20ರಲ್ಲಿ ಆಡಿದ ಐಸ್ ಹಾಕಿಯ ಋತುವು ಶಿಕ್ಷಣಾಸಕ್ತರ ಅಧ್ಯಯನಕ್ಕೆ ಯೋಗ್ಯವಾದ ವಸ್ತುವಾಗಿದೆ. ವರ್ಷವಿಡೀ ಪಟ್ಟ ಶ್ರಮವನ್ನು ಯಾವ ಅಳತೆಗೋಲಿನಿಂದ ಅಳೆಯತಕ್ಕದ್ದು ಎಂಬ ಪ್ರಶ್ನೆಯನ್ನು ಅದು ತೀಕ್ಷ್ಣವಾಗಿ ಮುಂದಿಟ್ಟಿತು.

ಮೊದಲು ಆಟದ ಸ್ವರೂಪವನ್ನು ತಿಳಿಯುವುದು ಉಚಿತ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಣ; ಸುತ್ತಲೂ ಹಲಗೆಯ ಆವರಣ. ಚೆಂಡಿನ ಸ್ಥಾನದಲ್ಲಿ ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ; ಅದರ ವ್ಯಾಸ 3 ಅಂಗುಲ, ದಪ್ಪ 1 ಅಂಗುಲ. ಗೋಲ್‌ರಕ್ಷಕಿಯೂ ಸೇರಿ ಪ್ರತಿ ಪಕ್ಷದಲ್ಲಿ ಆರು ಮಂದಿ, ತಲಾ 20 ನಿಮಿಷಗಳ ಮೂರು ಅವಧಿಗಳು. ಕಾಲಿಗೆ ಉಕ್ಕಿನ ಅಲಗಿನ ಪಾದರಕ್ಷೆ ಧರಿಸಿ ಜಾರುವ ಈ ಆಟದ ವೇಗ ಎಷ್ಟೆಂದರೆ, ಸಾಮಾನ್ಯವಾಗಿ ಒಬ್ಬ ಆಟಗಾರ್ತಿ ಒಂದು ನಿಮಿಷದೊಳಗಾಗಿ ದಣಿದು ಹೊರಬರುತ್ತಾಳೆ. ಆಟ ನಡೆಯುತ್ತಿರುವಾಗಲೇ ಮತ್ತೊಬ್ಬಳು ಆಕೆಯ ಸ್ಥಾನವನ್ನು ತುಂಬುತ್ತಾಳೆ. ಸಣ್ಣ ತಪ್ಪು ಮಾಡಿದವಳು ಎರಡು ನಿಮಿಷ ಅಂಗಣದ ಹೊರಗೆ ಕುಳಿತಿರಬೇಕು. ಆಗ ಅವಳ ತಂಡವು ಒಬ್ಬಳ ಕೊರತೆಯಿಂದ ಆಡಬೇಕು. ಒಬ್ಬಳ ಪ್ರಮಾದದ ಫಲವನ್ನು ಎಲ್ಲರೂ ಉಣ್ಣುವ ನಿಯಮವಿದು.

ಇ.ಸಿ.ಎ.ಸಿ. ಹಾಕಿ ಎಂಬುದು ಹನ್ನೆರಡು ವಿದ್ಯಾಸಂಸ್ಥೆಗಳ ಒಕ್ಕೂಟ. ಬ್ರೌನ್, ಕಾರ್ನೆಲ್, ಡಾರ್ಟ್‌ಮತ್, ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್ ಎಂಬ ಆರು ‘ಐವಿ ಲೀಗ್’ ಸಂಸ್ಥೆಗಳ ಜೊತೆಗೆ ಕ್ಲಾರ್ಕ್‌ಸನ್, ಕೋಲ್ಗೇಟ್, ಕ್ವಿನಿಪಿಯಾಕ್, ರೆನ್ಸಲೀರ್, ಸೇಂಟ್ ಲಾರೆನ್ಸ್, ಯೂನಿಯನ್ ಇದರಲ್ಲಿ ಸೇರಿದ್ದವು. ಐವಿ ಲೀಗ್ ಸಂಸ್ಥೆಗಳು ಕ್ರೀಡಾ ವಿದ್ಯಾರ್ಥಿವೇತನವನ್ನು ಕೊಡುವುದಿಲ್ಲವೆಂಬುದು ಗಮನಾರ್ಹ. ಪ್ರತಿಯೊಂದು ತಂಡವೂ ಉಳಿದ ಹನ್ನೊಂದರೊಡನೆ ಎರಡೆರಡು ಬಾರಿ ಸೆಣಸಿ, ಒಟ್ಟು 22 ಪಂದ್ಯಗಳನ್ನು ಆಡಬೇಕು. ಅನಂತರ ಒಕ್ಕೂಟದ ಅಂತಿಮ ಪಂದ್ಯಾವಳಿಯಲ್ಲಿ ಆ ಋತುವಿನಲ್ಲಿ ಮೇಲಿನ ಎಂಟು ತಂಡಗಳಿಗೆ ಮಾತ್ರ ಪ್ರವೇಶವಿತ್ತು.

ಆ ವರ್ಷ ಕಾರ್ನೆಲ್ ವಿಶ್ವವಿದ್ಯಾನಿಲಯದ ತಂಡವು ಒಕ್ಕೂಟದ 22 ಪಂದ್ಯಗಳಲ್ಲಿ 19ನ್ನು ಗೆದ್ದು, 3ನ್ನು ಸಮ ಮಾಡಿಕೊಂಡು, ಒಂದರಲ್ಲೂ ಸೋಲದೆ ಅಗ್ರಸ್ಥಾನಕ್ಕೇರಿತು. ಆದರೆ 2020ರ ಮಾರ್ಚ್ 8ರಂದು, ಇಥಾಕಾ ನಗರದ ತನ್ನದೇ ಲೈನಾ ಅಂಗಣದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಪ್ರಿನ್ಸ್‌ಟನ್ ತಂಡ ಅದನ್ನು ಎದುರಿಸಿತು. ನಿಗದಿತ ಕಾಲ ಮುಗಿದಾಗ ಉಭಯರೂ ಸಮಸಮ. ಹೆಚ್ಚುವರಿ ಕಾಲದಲ್ಲಿ ಮೊದಲ ಗೋಲು ಹೊಡೆದವರದೇ ಜಯ. ಆ ಒಂದು ಗೋಲು ಪ್ರಿನ್ಸ್‌ಟನ್ನಿಗೆ ದಕ್ಕಿತು. 3–2ರಿಂದ ಗೆದ್ದ ಆ ತಂಡಕ್ಕೆ ಒಕ್ಕೂಟದ ಪಂದ್ಯಾವಳಿಯ ಕಿರೀಟ ದೊರೆತದ್ದು ಅದೇ ಪ್ರಥಮ. ಇದನ್ನು ಆಕಸ್ಮಿಕವೆನ್ನುವುದು ಅನ್ಯಾಯ. ಋತುವಿನ 33 ಪಂದ್ಯಗಳಲ್ಲಿ 26ನ್ನು ಗೆದ್ದ ತಂಡವದು.

ಹಾಗಾದರೆ ಆ ಋತುವಿನ ಶ್ರೇಷ್ಠರು ಯಾರು? ಒಂದು ದಿನ ಗೆದ್ದವರೋ, ತಿಂಗಳುಗಟ್ಟಲೆ ಸೋಲದವರೋ? ಸೂಕ್ಷ್ಮವಾಗಿ ನೋಡಿದರೆ ಅಲ್ಲಿಯ ವ್ಯವಸ್ಥೆಯೇ ಈ ಎರಡು ಬಗೆಯ ಯೋಗ್ಯತೆಯನ್ನೂ ಮನ್ನಿಸಿತ್ತು. ಲೀಗ್ ಪಟ್ಟಿಯ ಅಗ್ರಸ್ಥಾನದ ಗೌರವ ಕಾರ್ನೆಲ್ಲಿಗೆ, ಪಂದ್ಯಾವಳಿಯ ಗೌರವ ಪ್ರಿನ್ಸ್‌ಟನ್ನಿಗೆ. ಎಂಟು ತಂಡಗಳ ರಾಷ್ಟ್ರೀಯ ಪಂದ್ಯಾವಳಿಗೆ ಪ್ರಿನ್ಸ್‌ಟನ್ ಒಕ್ಕೂಟದ ವಿಜೇತನಾಗಿ ಅರ್ಹತೆ ಪಡೆಯಿತು. ಸೋತ ಕಾರ್ನೆಲ್ಲಿಗೋ, ಇಡೀ ಋತುವಿನ ಸಾಧನೆಯನ್ನು ತೂಗಿ, ಪ್ರಥಮ ಶ್ರೇಯಾಂಕವನ್ನೇ ನೀಡಲಾಯಿತು. ಒಂದು ದಿನದ ಸೋಲು ವರ್ಷದ ದುಡಿಮೆಯನ್ನು ಅಳಿಸಲಿಲ್ಲ. ವರ್ಷದ ಕೀರ್ತಿಯೂ ಆ ದಿನದ ಸೋಲನ್ನು ಮರೆಮಾಚಲಿಲ್ಲ.

ಆದರೆ ಮೂರನೆಯ ಪರೀಕ್ಷೆ ನಡೆಯಲೇ ಇಲ್ಲ. ಮಾರ್ಚ್ 12ರಂದು, ಕೋವಿಡ್ ಸಾಂಕ್ರಾಮಿಕದ ಕಾರಣ, ರಾಷ್ಟ್ರೀಯ ಪಂದ್ಯಾವಳಿ ರದ್ದಾಯಿತು. ಕಾರ್ನೆಲ್ 28 ಜಯ, 2 ಸೋಲು, 3 ಸಮಗಳೊಡನೆ ಅಲ್ಲಿಗೇ ನಿಂತಿತು. 2001ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ವಿಜೇತರ ಪಟ್ಟಿಯಲ್ಲಿ 2020ರ ಎದುರಿಗೆ ಯಾರ ಹೆಸರೂ ಇಲ್ಲ. ಮುಂದಿನ ಋತುವಿನಲ್ಲಿ ಐವಿ ಲೀಗ್ ಸಂಸ್ಥೆಗಳು ಆಡಲೇ ಇಲ್ಲ; ಒಕ್ಕೂಟದ ಹನ್ನೆರಡರಲ್ಲಿ ನಾಲ್ಕು ತಂಡಗಳು ಮಾತ್ರ ಕಣಕ್ಕಿಳಿದವು. ವ್ಯಾಸಂಗದ ಕೊನೆಯ ವರ್ಷದಲ್ಲಿದ್ದ ಕಾರ್ನೆಲ್ ವಿದ್ಯಾರ್ಥಿನಿಯರ ಪಾಲಿಗೆ ಸೋಲಿನ ಆ ದಿನವೇ ತಮ್ಮ ಕಾಲೇಜಿನ ಪರ ಆಡಿದ ಕಡೆಯ ದಿನವಾಯಿತು.

ಪರೀಕ್ಷೆಯಲ್ಲಿ ಸೋತವನಿಗೆ ಮರಳಿ ಯತ್ನಿಸೆಂದು ಹೇಳುವುದು ಸುಲಭ. ಪರೀಕ್ಷೆಯೇ ಒದಗದವನಿಗೆ ಏನು ಹೇಳತಕ್ಕದ್ದು? ಗೆಲುವೋ ಸೋಲೋ ತಿಳಿಯದೆ ಉಳಿದವನ ದುಃಖ ಬೇರೆಯೇ ಬಗೆಯದು. ಬಿರುದು ಪದಕಗಳು ಅದಕ್ಕೆ ಮದ್ದಲ್ಲ. ನಸುಕಿನ ಅಭ್ಯಾಸ, ಸಂಗಾತಿಯ ತಪ್ಪನ್ನು ತನ್ನದೆಂದು ಹೊರುವ ಬುದ್ಧಿ, ದಣಿದಾಗ ಸ್ಥಾನ ಬಿಟ್ಟುಕೊಡುವ ವಿವೇಕ, ಇವು ಪಂದ್ಯದ ಫಲಿತಾಂಶಕ್ಕೆ ಮುನ್ನವೇ ಸಿದ್ಧಿಸಿದ ಸಂಪತ್ತು. ಪಟ್ಟಿಯಲ್ಲಿ ಖಾಲಿ ಉಳಿದ ಆ ಸ್ಥಳವು ಇವನ್ನು ಕಸಿಯಲಾರದು. ಶಿಷ್ಯರ ಅಂಕಪಟ್ಟಿಯನ್ನು ಕೈಗೆತ್ತಿಕೊಳ್ಳುವ ಅಧ್ಯಾಪಕರು, ಅದರಲ್ಲಿ ಬರೆದುದನ್ನು ಓದುವಷ್ಟೇ ಶ್ರದ್ಧೆಯಿಂದ ಬರೆಯದೆ ಉಳಿದುದನ್ನೂ ಓದುವಂತಾಗಲಿ.