ಕಡಲಿಗೆ ಬೆನ್ನು ಮಾಡಿ ಒಮ್ಮೆ ನೋಡಿ

ಶುಕ್ರವಾರ ಸಂಜೆಯಾದರೆ ಬೆಂಗಳೂರಿನ ಕಾಡುಗೋಡಿಯ ಪಿಜಿಗಳಿಂದ ಬ್ಯಾಗು ಹೆಗಲಿಗೇರಿಸಿಕೊಂಡು ಗೋಕರ್ಣಕ್ಕೋ ಮಲ್ಪೆಗೋ ಹೊರಡುತ್ತೀರಿ. ಹೋಗಿ ಬನ್ನಿ ಮಕ್ಕಳೇ, ವಾರವಿಡೀ ದುಡಿದ ಜೀವಕ್ಕೆ ಕಡಲು ಬೇಕು. ಆದರೆ ನೀರಿಗಿಳಿಯುವ ಮೊದಲು ಕಡಲಿಗೆ ಬೆನ್ನು ಮಾಡಿ ದಡದ ಕಡೆ ಒಮ್ಮೆ ನೋಡಿ. ಯಾವ ತೋಡು, ಯಾವ ಮೋರಿ ಎಲ್ಲಿ ಬಂದು ಸೇರುತ್ತಿದೆ ಅಂತ.

ಕೊಳಚೆ ನೀರಿನ ವಿಷಯ ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೇ ಹಾರಿ ಬಂದು ಬೈಕಿನವರ ಮೈಗೆ ಮೆತ್ತಿಕೊಳ್ಳುತ್ತಿತ್ತು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. ಆ ನೀರಿಗೆ ಕಾಲಿಡಿ ಅಂದರೆ ಇಡುತ್ತೀರಾ? ಕೆರೆಯ ನೊರೆ, ನಾತ ನಮ್ಮನ್ನು ದೂರ ನಿಲ್ಲಿಸಿದವು. ಅದೇ ಕಕ್ಕಸಿನ ನೀರು ಅಲೆಯಲ್ಲಿ ಬೆರೆತರೆ ಕಣ್ಣಿಗೂ ಕಾಣದು, ಮೂಗಿಗೂ ಸಿಗದು. ಉಪ್ಪುನೀರು ಎಲ್ಲವನ್ನೂ ಕೊಲ್ಲುತ್ತದೆ ಅನ್ನುವ ಮಾತನ್ನು ನಂಬಬೇಡಿ. ಕಡಲಲ್ಲಿ ಸ್ನಾನ ಮಾಡುವ ನೀರಿನಲ್ಲಿ 100 ಮಿಲಿಲೀಟರಿಗೆ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100ರೊಳಗಿರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡವಿದೆ. ದಡದಲ್ಲಿ ನಿಂತವರಿಗೆ ಆ ಲೆಕ್ಕ ತಿಳಿಯುವುದು ಹೇಗೆ? ಅದಕ್ಕೇ ತೋಡು ನೋಡಿ ಅಂದದ್ದು. ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ, ಹೊನ್ನಾವರದ ಕಾಸರಕೋಡಿನಂಥ ಕಡೆ ನೀರಿನ ತಪಾಸಣೆಯ ವಿವರವನ್ನು ಬೋರ್ಡಿಗೆ ಹಾಕಬೇಕೆಂಬ ನಿಯಮವಿದೆ. ಕಾಣದಿದ್ದರೆ ಕೇಳಿ, ಸಂಕೋಚ ಬೇಡ.

ಜೋರು ಮಳೆಯಾಗಿ ಒಂದೆರಡು ದಿನ ನೀರಿಗಿಳಿಯಬೇಡಿ, ಊರಿನ ಕೊಳೆಯೆಲ್ಲ ಆಗ ಕಡಲಲ್ಲೇ ಇರುತ್ತದೆ. ಕಾಲಿನಲ್ಲಿ ಗಾಯವಿದ್ದರೂ ಬೇಡ. ಇಲಿಯ ಮೂತ್ರ ಬೆರೆತ ನೀರು ಗಾಯಕ್ಕೆ ತಾಗಿ ಇಲಿಜ್ವರ ಬರುತ್ತದೆ. ತೋಡು, ಅಳಿವೆಯ ನಿಂತ ನೀರಿನಲ್ಲಿ ಈ ಭಯ ಹೆಚ್ಚು.

ನನಗೆ ಹೆಚ್ಚು ಚಿಂತೆ ಆಮೇಲಿನದ್ದು. ವಾಂತಿಭೇದಿ ಒಂದೆರಡು ದಿನದಲ್ಲೇ ಶುರುವಾಗುತ್ತದೆ, ಕಿವಿನೋವೂ ಬೇಗ ಬರುತ್ತದೆ. ಇಲಿಜ್ವರ ಹಾಗಲ್ಲ, ವಾರವೋ ಎರಡು ವಾರವೋ ಬಿಟ್ಟು ಕಾಣಿಸುತ್ತದೆ. ಹೆಪಟೈಟಿಸ್ ಎ ಕಾಮಾಲೆಗೆ ತಿಂಗಳೇ ಹಿಡಿದೀತು. ಅಷ್ಟರಲ್ಲಿ ನೀವು ಕಡಲನ್ನೇ ಮರೆತು ಪಿಜಿ ಊಟಕ್ಕೆ ಬೈಯುತ್ತಾ ಜ್ವರದ ಮಾತ್ರೆ ನುಂಗಿ ಆಫೀಸಿಗೆ ಹೋಗುತ್ತೀರಿ. ಹಾಗೆ ಮಾಡಬೇಡಿ. ಜ್ವರದ ಜೊತೆ ಮೀನಖಂಡ ಸಿಡಿಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಇಲಿಜ್ವರ ಮೊದಲಿಗೇ ಆಂಟಿಬಯೋಟಿಕ್ ಸಿಕ್ಕರೆ ವಾಸಿಯಾಗುವ ಕಾಯಿಲೆ, ತಡವಾದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ವೈಟ್‌ಫೀಲ್ಡಿನ ಡಾಕ್ಟರಿಗೆ ಗೋಕರ್ಣದ ತೋಡು ತಾನಾಗಿ ಹೊಳೆಯುವುದಿಲ್ಲ. ಇಂಥ ದಿನ ಇಂಥ ಕಡೆ ನೀರಿಗಿಳಿದಿದ್ದೆ ಅಂತ ನೀವೇ ಬಾಯಿಬಿಟ್ಟು ಹೇಳಬೇಕು.