ತುಡುವೆ ಜೇನು: ತಳಿ ಆಯ್ಕೆಯ ಪಾಠ

ಪರಾಗಸ್ಪರ್ಶದ ಪಾಠದಲ್ಲಿ ಜೇನುನೊಣದ ಹೆಸರು ಬರುತ್ತದೆ. ಅನುವಂಶೀಯತೆಯ ಪಾಠದಲ್ಲಿ ಬಟಾಣಿ ಗಿಡ ಬರುತ್ತದೆ. ಹೊಸೂರು, ಡೆಂಕಣಿಕೋಟೆ ಭಾಗದ ಶಾಲೆಗಳಲ್ಲಿ ಈ ಎರಡನ್ನೂ ತುಡುವೆ ಜೇನಿನ ಮೂಲಕ ಕೂಡಿಸಿ ಬೋಧಿಸಬಹುದು. ಮರದ ಪೊಟರೆಯಲ್ಲಿ, ಹುತ್ತದಲ್ಲಿ, ಗೋಡೆಯ ಸಂದಿನಲ್ಲಿ ಸಾಲು ಸಾಲಾಗಿ ಎರಿ ಕಟ್ಟುವ ಈ ನಾಡಜೇನು ಪೆಟ್ಟಿಗೆಯಲ್ಲಿಯೂ ನೆಲೆಸುತ್ತದೆ. ಬಯಲಿನಲ್ಲಿ ಒಂದೇ ಎರಿ ಕಟ್ಟುವ ಹೆಜ್ಜೇನು, ಕೋಲುಜೇನುಗಳು ಪೆಟ್ಟಿಗೆಗೆ ಒಗ್ಗವು. ಮಕ್ಕಳು ತುಡುವೆಯನ್ನು ತಮಿಳಿನಲ್ಲಿ ‘ಅಡುಕ್ಕು ತೇನೀ’ ಎಂದರೆ ತಿದ್ದಬೇಕಾಗಿಲ್ಲ. ಕಪ್ಪುಹಲಗೆಯ ಮೇಲೆ ಎರಡು ಹೆಸರುಗಳನ್ನೂ ಬರೆದರಾಯಿತು.

ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸುವುದು ಒಳ್ಳೆಯದು. ರೈತನೊಬ್ಬನ ಬಳಿ ಎರಡು ಪೆಟ್ಟಿಗೆಗಳಿವೆ ಎಂದು ಕಲ್ಪಿಸಿಕೊಳ್ಳಲಿ. ಮೊದಲನೆಯದು 6 ಕಿಲೋ ತುಪ್ಪ ಕೊಟ್ಟಿತು. ಆದರೆ ಮಳೆಗಾಲದಲ್ಲಿ ಅದರ ಮರಿಹುಳುಗಳು ಸತ್ತು ಕುಟುಂಬ ಕ್ಷೀಣಿಸಿತು. ಎರಡನೆಯದು 4 ಕಿಲೋ ಕೊಟ್ಟು, ಮುಂದಿನ ಹುಚ್ಚೆಳ್ಳಿನ ಹೂವಿನ ಕಾಲಕ್ಕೂ ತುಂಬಿಕೊಂಡಿತ್ತು. ಯಾವುದನ್ನು ಪಾಲು ಮಾಡಿ ಹೆಚ್ಚಿಸಬೇಕು? ಹೆಚ್ಚಿನ ಮಕ್ಕಳು ಮೊದಲನೆಯದನ್ನು ಹೇಳಿಯಾರು. ಆ ಉತ್ತರವನ್ನು ಕೂಡಲೇ ಅಲ್ಲಗಳೆಯದೆ 1991-92ರ ಸಂಗತಿಯನ್ನು ತಿಳಿಸಬೇಕು.

ಆ ಕಾಲದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಹರಡಿತು. ಕೋಶಾವಸ್ಥೆಗೆ ತಿರುಗಬೇಕಾದ ಮರಿಹುಳು ಸತ್ತು, ಅದರ ಚರ್ಮ ನೀರು ತುಂಬಿದ ಚೀಲದಂತಾಗುತ್ತಿತ್ತು. ಕರ್ನಾಟಕ, ತಮಿಳುನಾಡು, ಕೇರಳಗಳಲ್ಲಿ ಪೆಟ್ಟಿಗೆಯ ತುಡುವೆ ಕುಟುಂಬಗಳ ಬಹುಪಾಲು ನಾಶವಾಯಿತು. ವೈರಸ್ಸನ್ನು ಕೊಲ್ಲುವ ಔಷಧವಿರಲಿಲ್ಲ. ಉಳಿದದ್ದು ರೋಗವನ್ನು ತಾಳಿಕೊಂಡ ಕೆಲವೇ ಕುಟುಂಬಗಳು. ಜೇನು ಕೃಷಿ ಮತ್ತೆ ಚಿಗುರಿದ್ದು ಅವುಗಳಿಂದ. ತುಪ್ಪದ ತೂಕವೊಂದನ್ನೇ ನೋಡಿ ಆರಿಸುವವನಿಗೆ ಈ ಗುಣ ಕಾಣುವುದಿಲ್ಲ.

ಇನ್ನು ಅನುವಂಶೀಯತೆ. ‘ಒಳ್ಳೆಯ ರಾಣಿಯಿದ್ದರೆ ಸಾಕು’ ಎಂಬುದು ಅರ್ಧಸತ್ಯ. ರಾಣಿಯು ಆಕಾಶದಲ್ಲಿ ಹಾರುತ್ತ ಅನೇಕ ಗಂಡು ನೊಣಗಳೊಡನೆ ಕೂಡುತ್ತದೆ. ಅವು ನೆರೆಹೊರೆಯ ಯಾವ ಪೊಟರೆಯಿಂದ ಬಂದವೋ ತಿಳಿಯದು. ಗಂಡು ನೊಣವು ಫಲಿತವಾಗದ ಮೊಟ್ಟೆಯಿಂದ ಹುಟ್ಟುವುದು. ಅದಕ್ಕೆ ತಂದೆಯಿಲ್ಲ, ತಾಯಿಯ ಗುಣಗಳಷ್ಟೇ ಉಂಟು. ಹೀಗಿರುವಾಗ ಗಂಡು ನೊಣಗಳನ್ನು ಕುಳಿತು ತಿನ್ನುವ ಸೋಮಾರಿಗಳೆಂದು ವರ್ಣಿಸುವ ವಾಡಿಕೆಯನ್ನು ಶಿಕ್ಷಕರು ಬಿಡುವುದು ಲೇಸು. ಉತ್ತಮ ಕುಟುಂಬದ ಗಂಡು ನೊಣಗಳೂ ತಳಿಯ ಅರ್ಧ ಭಾಗವೇ. ಒಬ್ಬ ರೈತನ ಆಯ್ಕೆಗಿಂತ ಇಡೀ ಊರಿನ ಆಯ್ಕೆ ಫಲಿಸುವುದು ಇದರಿಂದಲೇ.

ಊರು ಇದಕ್ಕೆ ವಿರುದ್ಧವಾಗಿಯೂ ನಡೆಯುವುದುಂಟು. ಪೊಟರೆಗೆ ಹೊಗೆಯಿಟ್ಟು ಮರಿ ಸಹಿತ ಎರಿಯನ್ನೆಲ್ಲ ಹಿಂಡುವವರು ತುಪ್ಪ ತುಂಬಿದ ಗೂಡನ್ನೇ ಹುಡುಕುತ್ತಾರೆ. ಬಲಿಷ್ಠವಾದುದು ಅಳಿದು ದುರ್ಬಲವಾದುದು ಉಳಿದರೆ ಅದೂ ಆಯ್ಕೆಯೇ. ಮಕ್ಕಳು ಕಣ್ಣಾರೆ ಕಂಡ ಇಂತಹ ಘಟನೆಗಳಿದ್ದರೆ ತರಗತಿಯಲ್ಲಿ ಹೇಳಿಸಬೇಕು.

ಚಟುವಟಿಕೆಗಾಗಿ, ಪೆಟ್ಟಿಗೆಯಿಟ್ಟಿರುವ ಮನೆಗಳಿಂದ ಮಕ್ಕಳು ಒಂದು ವರ್ಷ ವಿವರ ಸಂಗ್ರಹಿಸಲಿ: ಹೊಂಗೆ, ಹುಣಸೆ, ಹುಚ್ಚೆಳ್ಳು ಹೂಬಿಟ್ಟ ವಾರ, ಮಳೆಗಾಲದಲ್ಲಿ ನೊಣ ತುಂಬಿದ್ದ ಎರಿಗಳ ಸಂಖ್ಯೆ, ಮರಿ ಸತ್ತದ್ದು, ಕುಟುಂಬ ಪೆಟ್ಟಿಗೆ ಬಿಟ್ಟು ಹಾರಿಹೋದದ್ದು, ತೆಗೆದ ತುಪ್ಪ. ಪೆಟ್ಟಿಗೆಯನ್ನು ಮಕ್ಕಳು ತೆರೆಯಕೂಡದು. ಸಾಕಿದವರನ್ನು ಕೇಳಿ ಬರೆದುಕೊಳ್ಳಲಿ. ವರ್ಷಾಂತ್ಯದಲ್ಲಿ ಮೊದಲ ದಿನದ ಪ್ರಶ್ನೆಯನ್ನೇ ಮತ್ತೆ ಕೇಳಿ, ಈ ಬಾರಿ ಉತ್ತರಕ್ಕೆ ಕಾರಣವನ್ನೂ ಬರೆಸುವುದು.