ಕೆರೆಯ ನೀರು ಯಾರ ಪಾಲು? ಒಂದು ಸಣ್ಣ ಪಟ್ಟಣದ ಲೆಕ್ಕ

ನೀರು ಸರಬರಾಜು ಅಂದರೆ ಸಿವಿಲ್ ವಿಭಾಗದ ನಮಗೆಲ್ಲ ಒಂದು ಸೆಮಿಸ್ಟರಿನ ವಿಷಯ. ಜನಸಂಖ್ಯೆ ಅಂದಾಜು ಮಾಡು, ತಲಾ ಬಳಕೆಯಿಂದ ಗುಣಿಸು, ಪೈಪಿನ ವ್ಯಾಸ ಹುಡುಕು, ಮುಗೀತು. ಆ ನೀರು ಮೊದಲೇ ಇನ್ಯಾರದ್ದೋ ಪಾಲಾಗಿರಬಹುದು ಅನ್ನೋದು ಯಾವ ಸೂತ್ರದಲ್ಲೂ ಬರುವುದಿಲ್ಲ. ಈ ಸಲ ಆ ಬಿಟ್ಟುಹೋದ ಭಾಗವನ್ನೇ ನೋಡೋಣ.

ಬಯಲುಸೀಮೆಯ 15,000 ಜನರ ಒಂದು ಪಟ್ಟಣ ಅಂತ ಇಟ್ಟುಕೊಳ್ಳೋಣ. ನಲ್ಲಿ ಇದೆ, ಒಳಚರಂಡಿ ಇಲ್ಲ. ಇಂಥ ಊರಿಗೆ ಕೇಂದ್ರದ 1999ರ ಕೈಪಿಡಿ ಹೇಳಿದ್ದು ತಲಾ ದಿನಕ್ಕೆ 70 ಲೀಟರ್ (ಒಳಚರಂಡಿ ಇದ್ದರೆ 135). ಒಟ್ಟು 10.5 ಲಕ್ಷ ಲೀಟರ್, ಶೇ. 15 ಸೋರಿಕೆ ಸೇರಿಸಿದರೆ 12.35 ಲಕ್ಷ. ವರ್ಷಕ್ಕೆ ಸುಮಾರು 45 ಕೋಟಿ ಲೀಟರ್. ದೊಡ್ಡದಾಗಿ ಕೇಳಿಸುತ್ತೆ, ಆದರೆ ಒಂದು ಟಿಎಂಸಿ ಅಂದರೆ 2,832 ಕೋಟಿ ಲೀಟರ್. ಒಂದು ಬೆಳೆ ಭತ್ತಕ್ಕೆ 1,200 ಮಿ.ಮೀ. ನೀರು ಹಿಡಿದರೆ, ಇಡೀ ಊರು ವರ್ಷವಿಡೀ ಬಳಸುವ ನೀರು 90 ಎಕರೆ ಗದ್ದೆಗೆ ಸಮ. ಅಷ್ಟೇನಾ? ಹಾಗಾದರೆ ಜಗಳ ಯಾಕೆ?

ಜಗಳ ಇರೋದು ಬೇಸಿಗೆಯಲ್ಲಿ. ಫೆಬ್ರವರಿಯಿಂದ ಮೇವರೆಗಿನ 120 ದಿನಕ್ಕೆ ಊರಿಗೆ ಬೇಕಾದ್ದು 15 ಕೋಟಿ ಲೀಟರಿಗಿಂತ ಸ್ವಲ್ಪ ಕಡಿಮೆ. ಅದನ್ನು ಕೆರೆಯಲ್ಲೇ ಉಳಿಸಬೇಕೆಂದು ತೂಬು ಮುಚ್ಚುತ್ತಾರೆ. ಆದರೆ ಕೆರೆ ತಟ್ಟೆಯ ಹಾಗೆ ಅಗಲ. 100 ಹೆಕ್ಟೇರ್ ನೀರಿನ ಹರವಿದ್ದು, ದಿನಕ್ಕೆ 6 ಮಿ.ಮೀ. ಆವಿಯಾದರೆ ಈ ನಾಲ್ಕು ತಿಂಗಳಲ್ಲಿ 72 ಕೋಟಿ ಲೀಟರ್ ಹೋಗುತ್ತದೆ. ನೀರು ಇಳಿದಂತೆ ಹರವೂ ಕಿರಿದಾಗುವುದರಿಂದ ಅರ್ಧ ಹಿಡಿಯೋಣ: 36 ಕೋಟಿ. ಅಂದರೆ 15 ಕೋಟಿ ಕುಡಿಯಲು 51 ಕೋಟಿ ತಡೆದಿಡಬೇಕು. ಅಚ್ಚುಕಟ್ಟಿನ ರೈತ ಬಿಟ್ಟುಕೊಡುವುದು 100 ಎಕರೆಯ ನೀರು. ಅದರಲ್ಲಿ 30 ಎಕರೆಯದ್ದು ನಲ್ಲಿಗೆ, 70 ಎಕರೆಯದ್ದು ಆಕಾಶಕ್ಕೆ!

ಕುಡಿಯುವ ನೀರಿಗೇ ಮೊದಲ ಸ್ಥಾನ ಅಂತ ರಾಷ್ಟ್ರೀಯ ಜಲ ನೀತಿಯೂ ಹೇಳುತ್ತದೆ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಮೊದಲ ಸ್ಥಾನ ಯಾರಿಗೆ ಅನ್ನುವಷ್ಟೇ ಮುಖ್ಯ, ಅದರ ಬೆಲೆ ಯಾರು ತೆರುತ್ತಾರೆ ಅನ್ನೋದು. ಕೋಲಾರದ ಕಡೆ ನೀರುಗಂಟಿಗಳು ಕೊರತೆ ವರ್ಷದಲ್ಲಿ ಅಚ್ಚುಕಟ್ಟಿನವರಿಗೆಲ್ಲ ಕೊರತೆಯನ್ನೂ ಹಂಚುತ್ತಿದ್ದರು. ಆ ಹಂಚಿಕೆಯಲ್ಲಿ ಪಟ್ಟಣಕ್ಕೆ ಪಾಲೂ ಇರಲಿಲ್ಲ, ನಷ್ಟವೂ ಇರಲಿಲ್ಲ.

ಕೆರೆ ಬೇಡ, ಬೋರ್‌ವೆಲ್ ಕೊರೆಸೋಣ ಅಂತೀರಾ? ಗಂಟೆಗೆ 4,000 ಲೀಟರ್ ಕೊಡುವ ಬೋರನ್ನು 16 ಗಂಟೆ ಓಡಿಸಿದರೂ 20 ಬೋರ್ ಬೇಕು. 1882ರ ಈಸ್‌ಮೆಂಟ್ಸ್ ಕಾಯ್ದೆಯ ಪ್ರಕಾರ ತನ್ನ ಹೊಲದಡಿಯ ನೀರನ್ನು ಎತ್ತಿಕೊಳ್ಳುವುದು ಮಾಲೀಕನ ಹಕ್ಕು. 1999ರ ಕರ್ನಾಟಕದ ಅಂತರ್ಜಲ ಕಾಯ್ದೆಯಾದರೆ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವ ಹಾಗಿಲ್ಲ ಎನ್ನುತ್ತದೆ. ಆ ವೃತ್ತದ ವಿಸ್ತೀರ್ಣ 194 ಎಕರೆ. ಇಪ್ಪತ್ತು ವೃತ್ತಗಳು ಒಂದನ್ನೊಂದು ತಾಗದಿದ್ದರೆ 3,800 ಎಕರೆಗೂ ಹೆಚ್ಚು! ಇಲ್ಲೂ ಅದೇ ಕಥೆ: ಊರಿಗೆ ಬೇಕಾದ ನೀರು ಸ್ವಲ್ಪ, ಅದಕ್ಕಾಗಿ ಕಟ್ಟಿಹಾಕುವ ಜಮೀನು ಬಹಳ.

ದೊಡ್ಡ ಉದಾಹರಣೆ ಬೇಕಿದ್ದರೆ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ ಇದೆ. 1907ರಲ್ಲಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅಚ್ಚುಕಟ್ಟೂ ಹಿರಿಯೂರು, ಚಿತ್ರದುರ್ಗದ ನಲ್ಲಿಗಳೂ ಅದೇ ನೀರನ್ನು ನಂಬಿವೆ.

ನಮ್ಮ ಊರಿಗೆ ಬರೋಣ. ಬೇಸಿಗೆಯ ನೀರನ್ನು ಅಗಲದ ಬದಲು ಆಳದಲ್ಲಿ ಇಟ್ಟರೆ? 6 ಮೀಟರ್ ಆಳದ, 7 ಎಕರೆಯ, ತಳಕ್ಕೆ ಹಾಳೆ ಹಾಸಿದ ಹೊಂಡ ಸುಮಾರು 17 ಕೋಟಿ ಲೀಟರ್ ಹಿಡಿಯುತ್ತದೆ. ಆವಿಯಾಗುವುದು 2 ಕೋಟಿ ಮಾತ್ರ. ಕೆರೆ ತುಂಬಿರುವಾಗ, ನವೆಂಬರಿನಲ್ಲೇ, ಅದನ್ನು ತುಂಬಿಸಿಕೊಂಡರೆ ತೂಬಿನ ಕೀಲಿ ಅಚ್ಚುಕಟ್ಟಿನವರ ಕೈಯಲ್ಲೇ ಇರಬಹುದು. ಖರ್ಚಿದೆ, ನಿಜ: 1.7 ಲಕ್ಷ ಘನ ಮೀಟರ್ ಮಣ್ಣು ತೆಗೆಯಬೇಕು. ಜೊತೆಗೆ ಆ 7 ಎಕರೆ ಯಾರದ್ದು ಅನ್ನೋ ಪ್ರಶ್ನೆಯನ್ನು ಪಟ್ಟಣ ಪಂಚಾಯಿತಿಯವರು ಮೊದಲ ದಿನವೇ ಕೇಳುತ್ತಾರೆ.